ಪೆಟ್ರೆಲ್‌ನ ಗಾಳಿಬಟ್ಟಲು

ಪೆಲ್ಲಾ, ಐಯೋವಾ
೧೨ ಸೆಪ್ಟೆಂಬರ್ ೨೦೦೬

ಪ್ರಿಯ ಡೆನ್ಜಿಲ್,

ಇಪ್ಪತ್ತು ವರ್ಷ ಬರೀ ಫೋನಿನಲ್ಲಿ ಜಗಳವಾಡಿದ ಹೆಂಗಸು ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಇ-ಮೇಲ್ ಬರೆದರೆ ಇಡೀ ಕಚೇರಿ ಓದುತ್ತದೆ. ಇದನ್ನು ನೀವೊಬ್ಬರೇ ಓದಬೇಕು.

ನಿನ್ನೆ ಸಮಿತಿ ಸೇರಿತ್ತು. ಪೆಟ್ರೆಲ್ ಬಾಹ್ಯಾಕಾಶ ನೌಕೆಯ ವಿದ್ಯುತ್ತು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆಯಲ್ಲ, ಒಂದು ಉಪಕರಣವನ್ನು ದೀಪದಂತೆ ಆರಿಸಲೇಬೇಕಂತೆ. ಆರಿಸುವುದಕ್ಕೆ ಅವರು ಆರಿಸಿಕೊಂಡದ್ದು ನನ್ನ ಬಟ್ಟಲನ್ನು. ಈ ಕೈಗಳಿಂದಲೇ ಜೋಡಿಸಿ, ಸೂರ್ಯನಿಂದ ಬೀಸುವ ಗಾಳಿಯನ್ನು ಹಿಡಿದು ವೇಗ ಹೇಳಲೆಂದು ಮೇಲೆ ಕಳಿಸಿದ ಬಟ್ಟಲನ್ನು.

ಯೋಜನೆಯ ಹೊಸ ಮುಖ್ಯಸ್ಥ ಸ್ಟಾಡರ್ಡ್ ಬಹಳ ವಿನಯದಿಂದಲೇ ಶುರು ಮಾಡಿದ. "ಮೇಡಂ, ಅಲ್ಲಿ ಇನ್ನೇನಿದೆ ಹೇಳಿ. ಎಷ್ಟೋ ವರ್ಷದಿಂದ ಅದೇ ಗಾಳಿ, ಅದೇ ವೇಗ."

"ಅದೇ ವೇಗ ಅಲ್ಲ ಕಣಪ್ಪ. ಮೇ ತಿಂಗಳಿಂದ ಇಳೀತಾ ಇದೆ. ಗೋಡೆ ಹತ್ರ ಬಂದಿದೀವಿ."

"ಇಳೀತಿರೋದು ಗಾಳಿ ಅಲ್ಲ ಮೇಡಂ, ಉಪಕರಣ. ಅದಕ್ಕೂ ವಯಸ್ಸಾಯ್ತು."

"ಅದಕ್ಕೂ" ಎನ್ನುವಾಗ ಅವನು ನನ್ನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ನಿಮಗೆ ಗೊತ್ತಲ್ಲ, ನಾನು ಗೋಡೆ ಎನ್ನುವುದು ಯಾವುದಕ್ಕೆಂದು. ಸೂರ್ಯನ ಗಾಳಿ ಹೊರಗೆ ಹೊರಗೆ ಓಡುತ್ತ ಹೋಗಿ, ನಕ್ಷತ್ರಗಳ ನಡುವಿನ ಅನಿಲ ಎದುರು ನೂಕುವ ಕಡೆ ಒಮ್ಮೆಲೇ ಮುಗ್ಗರಿಸಿ ನಿಧಾನವಾಗುವ ಜಾಗ. ಅದನ್ನು ದಾಟುವ ಗಳಿಗೆಯಲ್ಲಿ ಬಟ್ಟಲು ಎಚ್ಚರವಾಗಿರಬೇಕು, ನಿಮ್ಮ ಆಂಟೆನಾ ಕೇಳುತ್ತಿರಬೇಕು. ಇಷ್ಟೇ ನಾನು ಕೇಳುವುದು.

ಆರಿಸುವ ಆದೇಶಕ್ಕೆ ನನ್ನ ಸಹಿ ಬೇಕಿತ್ತು. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಪೆಟ್ರೆಲ್ ಇರುವ ಆಕಾಶ ನಿಮ್ಮ ದಕ್ಷಿಣಾರ್ಧಗೋಳಕ್ಕೆ ಮಾತ್ರ ಕಾಣುತ್ತದೆ, ಆಂಟೆನಾದ ವೇಳಾಪಟ್ಟಿ ನಿಮ್ಮ ಕೈಯಲ್ಲಿದೆ. ನನ್ನ ಕಡೆ ಇದ್ದೀರಾ, ಇಲ್ಲವಾ?

ವಿಲ್ಮಾ ಹುಕ್‌ಸ್ಟ್ರಾ


ಕ್ಯಾನ್‌ಬೆರಾದ ಹೊರಗಿನ ಕಣಿವೆ
೩ ಅಕ್ಟೋಬರ್ ೨೦೦೬

ಪ್ರಿಯ ವಿಲ್ಮಾ,

ನಾನೊಬ್ಬನೇ ಓದಬೇಕು ಎಂದಿರಿ. ನನ್ನ ಹೆಂಡತಿ ನೆಟ್ಟಾ ಮೊದಲೇ ಒಡೆದು ಓದಿದ್ದಳು. ಅಮೆರಿಕದ ಹೆಂಗಸಿನ ಕೈಬರಹದ ಲಕೋಟೆ ಬಂದರೆ ಯಾವ ಹೆಂಡತಿ ಬಿಡುತ್ತಾಳೆ? ಓದಿ ಮುಗಿಸಿ, "ಪ್ರೇಮಪತ್ರ ಅಂದ್ಕೊಂಡೆ, ಥೂ, ಇದೂ ಕೆಲಸದ್ದೇ" ಎಂದು ನನ್ನತ್ತ ಎಸೆದಳು.

ನೇರವಾಗಿ ಹೇಳುತ್ತೇನೆ. ಸ್ಟಾಡರ್ಡ್‌ನನ್ನು ಕಂಡರೆ ನನಗೂ ಆಗುವುದಿಲ್ಲ. ಆದರೆ ಈ ಸಲ ಅವನ ಮಾತಿನಲ್ಲಿ ಅರ್ಥವಿದೆ. ಇಂಧನದ ಕೊಳವೆಗೆ ಶಾಖ ಸಾಲದೆ ಅದು ಹೆಪ್ಪುಗಟ್ಟಿತು ಎಂದಿಟ್ಟುಕೊಳ್ಳಿ. ನೌಕೆ ಭೂಮಿಯ ಕಡೆ ಮುಖ ಮಾಡಿ ನಿಲ್ಲಲಾರದು. ಆಮೇಲೆ ನಿಮ್ಮ ಬಟ್ಟಲು ಎಂಥ ಗಾಳಿ ಹಿಡಿದರೂ ಕೇಳುವವರು ಯಾರು? ಬಟ್ಟಲು ಉಳಿಯಬೇಕೋ ನೌಕೆ ಉಳಿಯಬೇಕೋ, ಮೊದಲು ಅದನ್ನು ಹೇಳಿ.

ಇನ್ನು ಆಂಟೆನಾ. ಮಂಗಳನ ಸುತ್ತ ನೌಕೆ ತಿರುಗಿಸುವ ಹುಡುಗರಿಗೆಲ್ಲ ಅದೇ ಬೇಕು. ಅವರದು ದಿನಾ ಹೊಸ ಚಿತ್ರ, ದಿನಾ ಪತ್ರಿಕೆಯಲ್ಲಿ ಸುದ್ದಿ. ಪೆಟ್ರೆಲ್‌ಗೆ ಸಿಗುವುದು ಅವರು ಬಿಟ್ಟ ಎಂಜಲು ಹೊತ್ತು. ನಾನು ಯಾರ ಕಡೆಯೂ ಇಲ್ಲ, ವೇಳಾಪಟ್ಟಿಯ ಕಡೆ ಇದ್ದೇನೆ.

ಸಿಟ್ಟಾದರೆ ಆಗಿ. ಫೋನಿಗಿಂತ ಕಾಗದದಲ್ಲಿ ನಿಮ್ಮ ಬೈಗುಳ ಇನ್ನೂ ಚೆನ್ನಾಗಿರಬಹುದು.

ಡೆನ್ಜಿಲ್ ಟ್ರೆವಿನ್


ಪೆಲ್ಲಾ
೨೦ ಅಕ್ಟೋಬರ್ ೨೦೦೬

ಡೆನ್ಜಿಲ್,

ಬೈಯಲು ಕೂತವಳು ಬೈಯದೆ ಎದ್ದೆ. ನಿಮ್ಮ ಪ್ರಶ್ನೆ ಸರಿಯಾಗಿತ್ತು, ಅದೇ ಕೋಪ.

ಬಟ್ಟಲೂ ಉಳಿಯಬೇಕು, ನೌಕೆಯೂ ಉಳಿಯಬೇಕು. ದಾರಿ ಇದೆ. ನೌಕೆಯೊಳಗೆ ಟೇಪ್ ರೆಕಾರ್ಡರ್ ಇದೆಯಲ್ಲ, ನೀವು ಕೇಳದ ಹೊತ್ತಿನಲ್ಲಿ ಅಳೆದದ್ದನ್ನೆಲ್ಲ ತುಂಬಿಟ್ಟುಕೊಂಡು ಆಮೇಲೆ ಹೇಳುವುದು. ಅದನ್ನೂ ಅದನ್ನು ಬೆಚ್ಚಗಿಡುವ ಸುರುಳಿಯನ್ನೂ ಆರಿಸಿಬಿಡಿ. ಉಳಿಯುವ ವಿದ್ಯುತ್ತು ಕೊಳವೆಗೂ ಸಾಕು, ಬಟ್ಟಲಿಗೂ ಸಾಕು. ಲೆಕ್ಕ ಈ ಹಾಳೆಯ ಹಿಂಬದಿಯಲ್ಲಿದೆ, ತಪ್ಪಿದ್ದರೆ ತೋರಿಸಿ.

ಕಷ್ಟ ಒಂದೇ. ರೆಕಾರ್ಡರ್ ಇಲ್ಲದಿದ್ದರೆ ನೌಕೆಗೆ ನೆನಪಿಲ್ಲ. ಅಳೆದದ್ದನ್ನು ಆಗಲೇ ಕೂಗಿ ಹೇಳುತ್ತದೆ. ಆ ಹೊತ್ತಿಗೆ ನೀವು ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ.

ಸಮಿತಿಗೆ ಇದನ್ನು ಹೇಳಿದೆ. ಸ್ಟಾಡರ್ಡ್ ನಕ್ಕ. "ಅಷ್ಟೊಂದು ಹೊತ್ತು ಆಂಟೆನಾ ನಿಮಗ್ಯಾರು ಕೊಡ್ತಾರೆ ಮೇಡಂ?"

"ಅದು ನನ್ನ ತಲೆನೋವು."

"ಸರಿ. ಮಾರ್ಚ್ ಕೊನೇವರೆಗೂ ನೋಡೋಣ. ಅಷ್ಟರಲ್ಲಿ ಗೋಡೆ ಸಿಗದಿದ್ರೆ ಆರಿಸ್ತೀವಿ, ನಿಮ್ಮ ಸಹಿ ಇದ್ರೂ ಸರಿ, ಇಲ್ದಿದ್ರೂ ಸರಿ."

ಈಗ ಅದು ನನ್ನ ತಲೆನೋವಲ್ಲ, ನಿಮ್ಮದು. ನೆಟ್ಟಾಗೆ ನಮಸ್ಕಾರ ಹೇಳಿ. ಓದುತ್ತಿದ್ದರೆ, ನಮಸ್ಕಾರ ನೆಟ್ಟಾ.

ವಿಲ್ಮಾ


ಕಣಿವೆ
೧೧ ಡಿಸೆಂಬರ್ ೨೦೦೬

ಪ್ರಿಯ ವಿಲ್ಮಾ,

ಲೆಕ್ಕದಲ್ಲಿ ತಪ್ಪು ಹುಡುಕಿ ಸೋತೆ. ನಮ್ಮ ಹುಡುಗರಿಗೂ ಕೊಟ್ಟು ನೋಡಿದೆ, ಅವರೂ ಸೋತರು. ಕಳೆದ ವಾರ ರೆಕಾರ್ಡರ್ ಆರಿಸುವ ಆಜ್ಞೆ ಕಳಿಸಿದೆವು, ನೌಕೆ ಒಪ್ಪಿಕೊಂಡಿತು.

ಹೊತ್ತು ಹೇಗೆ ಸಿಕ್ಕಿತು ಎಂದು ಕೇಳಿ. ಮಂಗಳದವರಿಗೆ ಭಾನುವಾರ ಬೇಡ, ಹಬ್ಬದ ದಿನ ಬೇಡ, ಊಟದ ಹೊತ್ತು ಬೇಡ. ಯಾರಿಗೂ ಬೇಡದ್ದನ್ನೆಲ್ಲ ಗುಡಿಸಿ ನಿಮ್ಮ ಪೆಟ್ರೆಲ್‌ಗೆ ಕೊಟ್ಟಿದ್ದೇನೆ. ಕ್ರಿಸ್ಮಸ್ ದಿನ ಪಾಳಿಗೆ ಬರುವವರು ಯಾರು ಎಂದಾಗ ಎಲ್ಲರೂ ಶೂ ನೋಡಿಕೊಂಡರು. ನಾನೇ ಬರುತ್ತೇನೆ ಎಂದೆ. ನೆಟ್ಟಾಗೆ ಇನ್ನೂ ಹೇಳಿಲ್ಲ. ಅವಳ ತಂಗಿಯ ಮನೆಯವರೆಲ್ಲ ಊಟಕ್ಕೆ ಬರುವವರಿದ್ದಾರೆ.

ಬೇಸಿಗೆ ಕೆಟ್ಟದಾಗಿದೆ. ಹುಲ್ಲು ಕಾಲಿಗೆ ಚುಚ್ಚುತ್ತದೆ. ಪಶ್ಚಿಮದ ಬೆಟ್ಟದ ಹಿಂದೆ ಒಂದೊಂದು ದಿನ ಹೊಗೆ ಕಾಣುತ್ತದೆ. ದೂರದ್ದು, ಚಿಂತೆಯಿಲ್ಲ.

ಅಂದ ಹಾಗೆ ನಿಮ್ಮ ಗಾಳಿಯ ವೇಗ ಮತ್ತೆ ಸ್ವಲ್ಪ ಇಳಿದಿದೆ, ನೋಡಿದಿರಾ? ಉಪಕರಣಕ್ಕೆ ವಯಸ್ಸಾದರೆ ಇಷ್ಟು ನಯವಾಗಿ ಇಳಿಯುವುದಿಲ್ಲ ಎಂದು ನನಗೂ ಅನ್ನಿಸತೊಡಗಿದೆ. ಇದನ್ನು ಯಾರಿಗೂ ಹೇಳಬೇಡಿ.

ಡೆನ್ಜಿಲ್


ಪೆಲ್ಲಾ
೨೫ ಜನವರಿ ೨೦೦೭

ಶ್ರೀ ಟ್ರೆವಿನ್ ಅವರಿಗೆ,

ಜನವರಿ ಹದಿನಾಲ್ಕರಂದು ಏನು ಮಾಡುತ್ತಿದ್ದಿರಿ?

ಅಂದು ಮಧ್ಯಾಹ್ನದವರೆಗೆ ನನ್ನ ಗಾಳಿ ಸೆಕೆಂಡಿಗೆ ಮುನ್ನೂರ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು. ಆಮೇಲೆ ಏನೂ ಇಲ್ಲ. ಮೂರು ದಿನ ಖಾಲಿ. ಹದಿನೇಳಕ್ಕೆ ಮತ್ತೆ ಅಂಕಿ ಬರುವಾಗ ನೂರ ನಲವತ್ತು! ಗೋಡೆ ಬಂದಿತ್ತು ಡೆನ್ಜಿಲ್, ನೌಕೆ ಅದನ್ನು ದಾಟಿತು, ದಾಟುತ್ತ ಕೂಗಿ ಹೇಳಿತು. ಕೇಳಲು ಯಾರೂ ಇರಲಿಲ್ಲ.

ಕಚೇರಿಗೆ ಫೋನ್ ಮಾಡಿದರೆ "ಆಂಟೆನಾ ಲಭ್ಯವಿರಲಿಲ್ಲ" ಎಂಬ ಒಂದೇ ಸಾಲು. ಯಾರಿಗೆ ಲಭ್ಯವಿತ್ತು? ಆ ವಾರ ಮಂಗಳದವರ ದೊಡ್ಡ ಕೆಲಸವಿತ್ತೆಂದು ನನಗೂ ಗೊತ್ತು. ಅವರು ಕೇಳಿದರು, ನೀವು ಕೊಟ್ಟಿರಿ. ಮೊದಲೇ ಹೇಳಿದ್ದಿರಲ್ಲ, ವೇಳಾಪಟ್ಟಿಯ ಕಡೆ ಇದ್ದೇನೆಂದು. ಅದನ್ನು ನಾನು ನಂಬಬೇಕಿತ್ತು.

ಸ್ಟಾಡರ್ಡ್‌ಗೆ ಈಗ ಹಬ್ಬ. "ನೋಡಿ, ಒಂದೇ ಏಟಿಗೆ ಬಿತ್ತು. ಇದು ಗೋಡೆ ಅಲ್ಲ ಮೇಡಂ, ಉಪಕರಣ ಕೆಟ್ಟಿದೆ." ದಾಟಿದ ಗಳಿಗೆಯ ಒಂದು ಅಂಕಿಯಾದರೂ ಕೈಯಲ್ಲಿದ್ದರೆ ಅವನ ಬಾಯಿ ಮುಚ್ಚಿಸುತ್ತಿದ್ದೆ.

ಉತ್ತರ ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ.

ವಿ. ಹುಕ್‌ಸ್ಟ್ರಾ


ತಂಗಿಯ ಮನೆ, ಕ್ವೀನ್‌ಬಿಯನ್
೯ ಫೆಬ್ರವರಿ ೨೦೦೭

ವಿಲ್ಮಾ ಹುಕ್‌ಸ್ಟ್ರಾ ಅವರಿಗೆ,

ನಾನು ನೆಟ್ಟಾ ಟ್ರೆವಿನ್. ನಾನು ಬರೆಯುತ್ತಿರುವುದು ಡೆನ್ಜಿಲ್‌ಗೆ ಗೊತ್ತಿಲ್ಲ. ನಿಮ್ಮ ಪತ್ರ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡ. ಅದರ ಬಗ್ಗೆ ಅವನು ಒಂದು ಮಾತೂ ಆಡುವುದಿಲ್ಲ, ಆದ್ದರಿಂದ ನಾನು ಆಡುತ್ತೇನೆ.

ಜನವರಿ ಹದಿನಾಲ್ಕರಂದು ಏನು ಮಾಡುತ್ತಿದ್ದ ಎಂದು ಕೇಳಿದ್ದೀರಿ. ಬೆಂಕಿ ಬೆಟ್ಟ ಇಳಿದು ಬಂತು. ಮಧ್ಯಾಹ್ನವೇ ಆಕಾಶ ಕಪ್ಪಾಯಿತು. ಎಲ್ಲರೂ ಆಂಟೆನಾ ಕೇಂದ್ರ ಬಿಟ್ಟು ಹೊರಡಿ ಎಂದು ಆದೇಶವಾಯಿತು. ಎಲ್ಲರೂ ಹೊರಟರು, ನಿಮ್ಮ ಡೆನ್ಜಿಲ್ ಹೊರಡಲಿಲ್ಲ. ನಾನು ಫೋನ್ ಮಾಡಿದೆ.

"ಎಲ್ಲಿದೀಯ? ಬೇಲಿ ಹತ್ರ ಬಂದಿದೆ."

"ನೀನು ನಾಯಿಗಳನ್ನ ಕರ್ಕೊಂಡು ಹೊರಡು ನೆಟ್ಟಾ. ನಾನು ಸ್ವಲ್ಪ ಹೊತ್ತು ಇದ್ದು ಬರ್ತೀನಿ. ಗಾಳಿ ಏನೋ ಮಾಡ್ತಿದೆ."

ನಾನು ನಮ್ಮ ಬೆಟ್ಟದ ಗಾಳಿ ಎಂದುಕೊಂಡೆ. ಅವನು ಹೇಳಿದ್ದು ನಿಮ್ಮ ಗಾಳಿ.

ಕರೆಂಟು ಹೋಗಿ, ಜನರೇಟರ್ ಹೊಗೆ ಕುಡಿದು ನಿಲ್ಲುವವರೆಗೂ ಅವನು ಕೂತು ಕೇಳುತ್ತಿದ್ದ. ಅಷ್ಟರಲ್ಲಿ ರಸ್ತೆ ಮುಚ್ಚಿತ್ತು. ಮರುದಿನ ಬೆಳಗಾಗುವವರೆಗೆ ನನ್ನ ಗಂಡ ಬದುಕಿದ್ದಾನೋ ಸತ್ತನೋ ನನಗೆ ಗೊತ್ತಿರಲಿಲ್ಲ. ಮನೆ ಹೋಯಿತು. ನನ್ನ ಅಮ್ಮನ ಪಿಯಾನೋ ಹೋಯಿತು. ಹೊಗೆಕೊಳವೆ ಮಾತ್ರ ನಿಂತಿದೆ.

ಮಂಗಳದವರಿಗೆ ಕೊಟ್ಟನಂತೆ! ಹಾಗೆ ಮಾಡಿದ್ದರೆ ಮನೆಗೆ ಬಂದಿರುತ್ತಿದ್ದ.

ಅವನ ಮೇಲೆ ನನಗಿರುವ ಸಿಟ್ಟು ನನ್ನದು. ಅದರಲ್ಲಿ ನಿಮಗೆ ಪಾಲಿಲ್ಲ. ಆದರೆ ಅವನಿಗೆ ಹಾಗೆ ಬರೆಯುವ ಹಕ್ಕು ಈ ಭೂಮಿಯ ಮೇಲೆ ನನ್ನೊಬ್ಬಳಿಗಿದೆ, ನಿಮಗಿಲ್ಲ.

ನೆಟ್ಟಾ


ಪೆಲ್ಲಾ
೨೧ ಫೆಬ್ರವರಿ ೨೦೦೭

ಪ್ರಿಯ ನೆಟ್ಟಾ,

ನಾನು ಬರೆದದ್ದು ತಪ್ಪು, ಬರೆದ ರೀತಿ ಇನ್ನೂ ತಪ್ಪು. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ಕೊಡಬೇಕಾದ ಕಷ್ಟ ನಿಮಗಾಗುತ್ತದೆ. ನೀವಿಬ್ಬರೂ ಬದುಕಿದ್ದೀರಿ ಎಂದು ಖಚಿತಪಡಿಸಿಕೊಳ್ಳಲು ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಇದರ ಜೊತೆ ಇನ್ನೊಂದು ಹಾಳೆ ಇದೆ, ಡೆನ್ಜಿಲ್‌ಗೆ. ಕೆಲಸದ್ದೇ. ಅವರಿಗೆ ಕೊಡುವುದೋ ಒಲೆಗೆ ಹಾಕುವುದೋ ನೀವೇ ತೀರ್ಮಾನಿಸಿ. ನೀವು ಒಲೆಗೆ ಹಾಕಿದರೆ ನಾನು ಮತ್ತೆ ಬರೆಯುವುದಿಲ್ಲ.

ವಿಲ್ಮಾ

ಡೆನ್ಜಿಲ್,

ಗೋಡೆ ಎಂದು ಹೇಳಿ ಹೇಳಿ ನಾನೇ ಮೋಸಹೋದೆ. ಅದು ನಿಂತಲ್ಲೇ ನಿಲ್ಲುವುದಿಲ್ಲ. ಕಡಲ ದಂಡೆಯಲ್ಲಿ ನೀರಿನ ಅಂಚು ಮೇಲೆ ಬಂದು ಹಿಂದೆ ಸರಿಯುವ ಹಾಗೆ ಅದೂ ಸರಿದಾಡುತ್ತದೆ. ಒಳಗಿನಿಂದ ಗಾಳಿ ಜೋರಾಗಿ ಬೀಸಿದರೆ ಹೊರಗೆ ಹೋಗುತ್ತದೆ, ಗಾಳಿ ಸೊರಗಿದರೆ ಒಳಗೆ ಬರುತ್ತದೆ.

ಕಳೆದ ಬೇಸಿಗೆಯಲ್ಲಿ, ನಿಮಗೆ ಚಳಿಗಾಲ, ಸೂರ್ಯನಲ್ಲಿ ದೊಡ್ಡ ಸಿಡಿತವಾಗಿತ್ತು. ಆ ಗಾಳಿ ಇನ್ನೂ ದಾರಿಯಲ್ಲಿದೆ. ಏಪ್ರಿಲ್‌ನಲ್ಲಿ ಅಲ್ಲಿಗೆ ಮುಟ್ಟುತ್ತದೆ. ಮುಟ್ಟಿದಾಗ ಗೋಡೆಯನ್ನು ಪೆಟ್ರೆಲ್‌ಗಿಂತ ಆಚೆಗೆ ತಳ್ಳುತ್ತದೆ, ಪೆಟ್ರೆಲ್ ಮತ್ತೆ ವೇಗದ ಗಾಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಗೋಡೆ ಹಿಂದಿರುಗುತ್ತದೆ. ಆಗ ಇನ್ನೊಮ್ಮೆ ದಾಟುತ್ತೇವೆ.

ಸ್ಟಾಡರ್ಡ್‌ನ ಬಾಯಿ ಮುಚ್ಚಿಸಲು ಇಷ್ಟು ಸಾಕು. ಕೆಟ್ಟ ಉಪಕರಣ ಮತ್ತೆ ಎದ್ದು ನಾಲ್ಕು ನೂರು ಹೇಳಲಾರದು. ಆದರೆ ಅವನು ಆರಿಸುವುದು ಮಾರ್ಚ್ ಕೊನೆಗೆ, ಗಾಳಿ ಬರುವುದು ಏಪ್ರಿಲ್‌ಗೆ. ಏನು ಮಾಡಬೇಕೆಂದು ನಾನು ಹೇಳಲಾರೆ. ಇಷ್ಟಾದ ಮೇಲೆ ನಿಮ್ಮನ್ನು ಕೇಳುವ ಮುಖ ನನಗಿಲ್ಲ.


ಕಣಿವೆ, ಕೇಂದ್ರದ ಹಿಂದಿನ ಕ್ಯಾರವಾನು
೨ ಏಪ್ರಿಲ್ ೨೦೦೭

ಪ್ರಿಯ ವಿಲ್ಮಾ,

ನೆಟ್ಟಾ ಆ ಹಾಳೆಯನ್ನು ಬಹಳ ದಿನ ಇಟ್ಟುಕೊಂಡಿದ್ದಳು. ಆಮೇಲೊಂದು ದಿನ ಚಹದ ಲೋಟದ ಕೆಳಗಿಟ್ಟು ಹೇಳಿದಳು, "ಓದು. ಈ ಮುದುಕಿಗೆ ಹುಚ್ಚು ಅಂದ್ಕೊಂಡಿದ್ದೆ. ಹುಚ್ಚಲ್ಲ, ಹಟ."

"ಪೆಟ್ರೆಲ್ ಮಾತು ಕೇಳ್ತಾ ಕೂರ್ಲಾ ಬೇಡ್ವಾ ನೀನೇ ಹೇಳು," ಎಂದೆ.

"ಮನೆ ಅಂತೂ ಹೋಯ್ತು. ಆ ಗೋಡೆನೂ ಕೈಗೆ ಸಿಗದಿದ್ರೆ ನನ್ನ ಪಿಯಾನೋ ಯಾತಕ್ಕೆ ಸುಟ್ಟುಹೋಯ್ತು ಅಂತ ಯಾರನ್ನ ಕೇಳ್ಲಿ?"

ಆದ್ದರಿಂದ ಕೇಳಿಸಿಕೊಳ್ಳಿ. ಬೆಂಕಿಯ ಬೂದಿ ನಮ್ಮ ಪ್ರಸಾರಕದ ಒಳಗೆಲ್ಲ ತುಂಬಿದೆ. ಆಂಟೆನಾ ಈಗ ಕೇಳಬಲ್ಲದು, ಮಾತಾಡಲಾರದು. ಇದು ನಿಜ, ನಾನು ಕಟ್ಟಿದ ಕಥೆಯಲ್ಲ. ಮಂಗಳದವರಿಗೆ ಮಾತಾಡದ ಆಂಟೆನಾ ಬೇಡ, ಅವರು ಸ್ಪೇನಿನ, ಕ್ಯಾಲಿಫೋರ್ನಿಯಾದ ಆಂಟೆನಾಗಳಿಗೆ ಹೋದರು. ಹಾಗಾಗಿ ಕೇಳುವ ಹೊತ್ತೆಲ್ಲ ಪೆಟ್ರೆಲ್‌ಗೆ. ಇನ್ನು ಸ್ಟಾಡರ್ಡ್‌ನ ಆರಿಸುವ ಆಜ್ಞೆಯೂ ಇಲ್ಲಿಂದಲೇ ಹೋಗಬೇಕು, ಉತ್ತರದ ಯಾವ ಆಂಟೆನಾಕ್ಕೂ ಪೆಟ್ರೆಲ್ ಕಾಣುವುದಿಲ್ಲ.

ಶುಕ್ರವಾರ ಫೋನ್ ಮಾಡಿದ್ದ.

"ಪ್ರಸಾರಕ ಯಾವಾಗ ಸಿದ್ಧವಾಗತ್ತೆ ಟ್ರೆವಿನ್?"

"ತೊಳೆದ ಮೇಲೆ ಸರ್."

"ಯಾವಾಗ ತೊಳೀತೀರಿ?"

"ತೊಳೀತಾನೇ ಇದೀವಿ. ಬೂದಿ ಬರ್ತಾನೇ ಇದೆ."

"ಬೇಗ ಮಾಡಕ್ಕಾಗಲ್ವಾ?"

"ಆಗತ್ತೆ ಸರ್. ಅರ್ಧ ತೊಳೆದು ಚಾಲೂ ಮಾಡಿದ್ರೆ ಸುಟ್ಟುಹೋಗತ್ತೆ. ಸುಟ್ಟರೆ ನಿಮ್ಮ ಹೆಸರು ಹೇಳ್ಲಾ?"

ಫೋನ್ ಇಟ್ಟ. ನಾನು ಸುಳ್ಳು ಹೇಳಿಲ್ಲ, ಆತುರವನ್ನೂ ಪಟ್ಟಿಲ್ಲ. ನಿಯಮದ ಪುಸ್ತಕದಲ್ಲಿ ಹೇಳಿದ ಹಾಗೆಯೇ ಒಂದೊಂದು ಭಾಗವನ್ನೂ ತೊಳೆದು, ಒಣಗಿಸಿ, ಮತ್ತೆ ನೋಡಿ ಜೋಡಿಸುತ್ತಿದ್ದೇವೆ. ಆ ಪುಸ್ತಕವನ್ನು ಇಷ್ಟು ಭಕ್ತಿಯಿಂದ ನಾನು ಎಂದೂ ಪಾಲಿಸಿರಲಿಲ್ಲ.

ಇನ್ನೊಂದು ಮಾತು. ಯೋಜನೆಯ ಹೊಸ ಸುತ್ತೋಲೆಯಲ್ಲಿ ಗಾಳಿಬಟ್ಟಲಿನ ಮುಖ್ಯಸ್ಥರ ಹೆಸರಿರಬೇಕಾದ ಕಡೆ ಏನೂ ಇಲ್ಲ. ಹೊಸ ವರ್ಷದಿಂದಲೇ ಹಾಗಿದೆಯಂತೆ. ನಿಮ್ಮನ್ನು ತೆಗೆದುಹಾಕಿದರೆಂದು ನನಗೆ ಯಾಕೆ ಹೇಳಲಿಲ್ಲ? ಮನೆ ಸುಟ್ಟದ್ದನ್ನು ನಾನು ನಿಮ್ಮಿಂದ ಮುಚ್ಚಿಟ್ಟೆನೆಂದು ನೆಟ್ಟಾ ನನ್ನನ್ನು ಬೈದಳು. ನಿಮ್ಮನ್ನು ಬೈಯುವವರು ಅಲ್ಲಿ ಯಾರಿದ್ದಾರೆ?

ಡೆನ್ಜಿಲ್


ಪೆಲ್ಲಾ
೧೪ ಏಪ್ರಿಲ್ ೨೦೦೭

ಡೆನ್ಜಿಲ್,

ಯಾರೂ ಇಲ್ಲ, ಅದಕ್ಕೇ ಹೇಳಲಿಲ್ಲ. ಸಹಿ ಮಾಡದವಳ ಸಹಿಯೇ ಬೇಡವೆಂದು ಕೋಣೆಯ ಬೀಗ ಬದಲಾಯಿಸಿದರು. ಈಗ ಅಡುಗೆಮನೆಯ ಮೇಜೇ ನನ್ನ ಪ್ರಯೋಗಶಾಲೆ. ಅಂಕಿಗಳು ಹೇಗೆ ಬರುತ್ತವೆ ಎಂದು ಕೇಳಬೇಡಿ. ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲ ಕಚೇರಿಗಳಲ್ಲೂ ಇದ್ದಾರೆ, ಮತ್ತು ಅವರಿಗೆಲ್ಲ ನನ್ನನ್ನು ಕಂಡರೆ ಈಗಲೂ ಹೆದರಿಕೆ.

ಬೂದಿ ನಿಧಾನವಾಗಿಯೇ ಹೋಗಲಿ.

ವಿಲ್ಮಾ


ಕಣಿವೆ
೨೮ ಏಪ್ರಿಲ್ ೨೦೦೭

ವಿಲ್ಮಾ,

ಅಂಕಿಗಳು ನಿಮಗೆ ಆಗಲೇ ಸಿಕ್ಕಿರುತ್ತವೆ. ಆದರೂ ನಾನು ಹೇಳಬೇಕು.

ಸೋಮವಾರ ಗಾಳಿ ಎದ್ದಿತು. ನೂರ ನಲವತ್ತು ಇದ್ದದ್ದು ಇನ್ನೂರು ದಾಟಿ, ಮುನ್ನೂರು ದಾಟಿ, ನಾಲ್ಕು ನೂರಕ್ಕೆ ಹೋಗಿ ನಿಂತಿತು. ಕೆಟ್ಟ ಉಪಕರಣವಂತೆ! ಪಾಳಿಯ ಹುಡುಗರೆಲ್ಲ ಎದ್ದು ನಿಂತರು. ಆ ಗಳಿಗೆಯಿಂದ ಯಾರೂ ಮನೆಗೆ ಹೋಗಲಿಲ್ಲ. ನೆಟ್ಟಾ ಕುರಿಮಾಂಸದ ಪೈ ಕಟ್ಟಿಕೊಂಡು ಬಂದಳು. ಬೆಂಕಿಯ ನಂತರ ಅವಳು ಕೇಂದ್ರದೊಳಗೆ ಕಾಲಿಟ್ಟದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ ಅವಳು ನನ್ನ ಪಕ್ಕದ ಕುರ್ಚಿಯಲ್ಲಿದ್ದಾಗಲೇ ಬಿತ್ತು. ಮುನ್ನೂರ ತೊಂಬತ್ತು. ಮುನ್ನೂರ ಹತ್ತು. ಇನ್ನೂರ ಇಪ್ಪತ್ತು. ನೂರ ಐವತ್ತು. ನಡುವಿನ ಒಂದು ಅಂಕಿಯೂ ತಪ್ಪಲಿಲ್ಲ. ಗೋಡೆ ನಮ್ಮ ಕಣ್ಣೆದುರೇ ನೌಕೆಯ ಮೇಲೆ ಹಾದುಹೋಯಿತು. ಹುಡುಗರು ಕೂಗಿದ್ದಕ್ಕೆ ಹೊರಗಿನ ಕಾಂಗರೂಗಳು ದಿಕ್ಕಾಪಾಲಾಗಿ ಓಡಿದವು.

ನೆಟ್ಟಾ ಪರದೆ ನೋಡುತ್ತ ಕೂತಿದ್ದಳು. "ಅಷ್ಟೇನಾ?" ಎಂದಳು. "ನಾಲ್ಕು ಅಂಕಿ?"

"ಅಷ್ಟೇ," ಎಂದೆ.

ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೊಂದ್ಸಲ ತೋರ್ಸು. ನಿಧಾನಕ್ಕೆ."

ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದುಕೊಳ್ಳಬೇಡಿ. ಕ್ಯಾರವಾನಿನಲ್ಲಿ ಈಗಲೂ ಅವಳ ಬೆನ್ನೇ ನನಗೆ ಕಾಣುವುದು. ಅಂದು ನಾನು ಮನೆಗೆ ಹೋಗಬೇಕಿತ್ತು. ಗೋಡೆ ಸಿಕ್ಕಿತೆಂದು ಅದು ಸರಿಯಾಗುವುದಿಲ್ಲ.

ಇದರ ನಡುವೆ ಹೊಸ ಜಗಳ. ಸುಟ್ಟ ಜಾಗದಲ್ಲಿ ಮತ್ತೆ ಮನೆ ಕಟ್ಟಬಾರದಂತೆ, ಬೆಂಕಿಯ ದಾರಿಯಂತೆ. ನಗರದಲ್ಲಿ ಬದಲಿ ನಿವೇಶನ ಕೊಡುತ್ತೇವೆ ಎಂದು ಅಧಿಕಾರಿ ಬಂದಿದ್ದ. ನೆಟ್ಟಾ ಅವನನ್ನು ಹೊಗೆಕೊಳವೆಯ ಹತ್ತಿರ ನಿಲ್ಲಿಸಿಕೊಂಡು, "ಇಲ್ಲೇ ಕಟ್ತೀವಿ. ಕಲ್ಲಲ್ಲಿ ಕಟ್ತೀವಿ, ತಗಡಲ್ಲಿ ಕಟ್ತೀವಿ, ಏನು ಹೇಳ್ತೀರೋ ಅದ್ರಲ್ಲಿ ಕಟ್ತೀವಿ. ಆದ್ರೆ ಇಲ್ಲೇ" ಎಂದಳು. ಜುಲೈಯಲ್ಲಿ ವಿಚಾರಣೆ. ನಾವು ಸೋಲುತ್ತೇವೆ ಎಂದು ಎಲ್ಲರೂ ಹೇಳುತ್ತಿದ್ದಾರೆ.

ಡೆನ್ಜಿಲ್


ಪೆಲ್ಲಾ
೧೬ ಮೇ ೨೦೦೭

ಪ್ರಿಯ ಡೆನ್ಜಿಲ್, ಪ್ರಿಯ ನೆಟ್ಟಾ,

ಸ್ಟಾಡರ್ಡ್ ಬಂದಿದ್ದ. ಫೋನ್ ಅಲ್ಲ, ಹೂಗುಚ್ಛ ಹಿಡಿದುಕೊಂಡು ನನ್ನ ಅಡುಗೆಮನೆಗೇ ಬಂದ. ಬಟ್ಟಲನ್ನು ಆರಿಸುವುದಿಲ್ಲವಂತೆ. ಕ್ಯಾಮೆರಾ ಬೆಚ್ಚಗಿಡುವ ಸುರುಳಿಯನ್ನು ಆರಿಸಿ ಅದರ ವಿದ್ಯುತ್ತನ್ನು ನನಗೇ ಕೊಡುತ್ತಾರಂತೆ. ಕೋಣೆಯ ಕೀಲಿಯನ್ನೂ ತಂದಿದ್ದ. ಆಮೇಲೆ ಒಂದು ಹಾಳೆ ತೆಗೆದ, ಪತ್ರಿಕೆಗಳಿಗೆ ಕೊಡುವ ಹೇಳಿಕೆ. "ಸಮಿತಿಯ ದೂರದೃಷ್ಟಿಯ ಫಲವಾಗಿ" ಎಂದು ಶುರುವಾಗುತ್ತಿತ್ತು.

"ಇದ್ರ ಕೆಳಗೆ ನಿಮ್ಮ ಸಹಿ ಇದ್ರೆ ಚೆನ್ನಾಗಿರತ್ತೆ ಮೇಡಂ."

"ಚೆನ್ನಾಗಿರತ್ತೆ," ಎಂದೆ. "ಆದ್ರೆ ಇರಲ್ಲ."

"ಇಷ್ಟೆಲ್ಲ ಮಾಡಿದ ಮೇಲೂನಾ?"

"ಯಾರು ಮಾಡಿದ್ದು?" ಎಂದು ಕೇಳಿದೆ. ಕೀಲಿ ತೆಗೆದುಕೊಂಡೆ, ಹೂವನ್ನು ನೀರಿಗೆ ಹಾಕಿದೆ, ಹಾಳೆಯನ್ನು ಅವನ ಕೈಗೇ ವಾಪಸು ಕೊಟ್ಟೆ. ಅವನಿಗೆ ಕಾಫಿಯನ್ನೂ ಕೊಟ್ಟೆ, ಅಷ್ಟು ಕಟುಕಿಯಲ್ಲ ನಾನು. ಗೋಡೆಯನ್ನು ದಾಟಿದ ಬಗ್ಗೆ ನಾನು ಬರೆಯುತ್ತಿರುವ ಲೇಖನಕ್ಕೆ ಮೂರು ಹೆಸರು ಹಾಕಿದ್ದೇನೆ. ಮೂರನೆಯದು ನೆಟ್ಟಾ ಟ್ರೆವಿನ್. ಇವರು ಯಾವ ಸಂಸ್ಥೆಯವರು ಎಂದು ಪತ್ರಿಕೆಯವರು ಕೇಳಿದ್ದಾರೆ. ಏನು ಬರೆಯಲಿ, ನೀವೇ ಹೇಳಿ ನೆಟ್ಟಾ.

ಇನ್ನು ನಿಮ್ಮ ವಿಚಾರಣೆಯ ವಿಷಯ. ನಾನು ಬರುತ್ತಿದ್ದೇನೆ. ವಿಮಾನದ ಟಿಕೆಟ್ ತೆಗೆಸಿದ್ದಾಯಿತು. ಇಷ್ಟು ದೂರ ಕೂತು ಹೋದರೆ ಹೃದಯ ತಡೆಯಲಾರದು ಎಂದು ನನ್ನ ವೈದ್ಯ ಹೇಳಿದ. ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ, ನಿಮಗೆ ಬರೆದಿರಲಿಲ್ಲ ಅಷ್ಟೇ. ನಿಮ್ಮಿಬ್ಬರ ಮುಖವನ್ನೇ ನೋಡದೆ ಇಲ್ಲಿ ಬೆಚ್ಚಗೆ ಕೂತು ಆ ಹೃದಯವನ್ನು ಉಳಿಸಿಕೊಂಡು ನಾನೇನು ಮಾಡಲಿ?

ಕಲ್ಲು ಹೊರಲಾರೆ, ಗೋಡೆ ಕಟ್ಟಲಾರೆ, ಅಡುಗೆಯೂ ಅಷ್ಟಕ್ಕಷ್ಟೇ. ಆದರೆ ಸಮಿತಿಗಳೆದುರು ಕೂತು "ಇಲ್ಲ" ಎನ್ನುವುದರಲ್ಲಿ ನನ್ನಷ್ಟು ಪಳಗಿದವರು ನಿಮ್ಮ ಕಣಿವೆಯಲ್ಲಿ ಇರಲಾರರು. ವಿಚಾರಣೆಯ ಕೋಣೆಯಲ್ಲಿ ನೆಟ್ಟಾ ಪಕ್ಕದ ಕುರ್ಚಿ ನನಗಿರಲಿ. ಮಾತು ಶುರು ಮಾಡುವವರು ಅವರೇ. ಅವರಿಗೆ ದಣಿವಾದಾಗ ನಾನು ಏಳುತ್ತೇನೆ.

ವಿಲ್ಮಾ